ಇಂಗ್ಲಿಷ್ ಅಕ್ಷರದಲ್ಲಿ ಬರೆದ ಲಾಲಿ: ಡರ್ಬನ್‌ನಲ್ಲಿ ಆರು ದಿನ

ಮಂಗಳವಾರ

ದಕ್ಷಿಣ ಆಫ್ರಿಕಾದ ಡರ್ಬನ್ ವಿಮಾನ ನಿಲ್ದಾಣದಿಂದ ಹೊರಗೆ ಬಂದರೆ ಮೊದಲು ಕಾಣೋದು ಕಬ್ಬು. ರಸ್ತೆಯ ಎರಡೂ ಕಡೆ, ಗುಡ್ಡ ಹತ್ತಿ ಗುಡ್ಡ ಇಳಿದು, ಕಣ್ಣು ಹಾಯುವಷ್ಟು ದೂರ ಕಬ್ಬು. ಜುಲೈ ಕೊನೆಯ ವಾರ. ಅಲ್ಲಿಗೆ ಅದು ಚಳಿಗಾಲ. ಐದೂವರೆಗೆಲ್ಲ ಕತ್ತಲಾಗುತ್ತಿತ್ತು.

"ಅಕ್ಕ, ಈ ಕಬ್ಬು ಕಡಿಯಕ್ಕೇ ನಮ್ಮೋರನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು," ಅಂದ ಕಾರು ಓಡಿಸುತ್ತಿದ್ದ ತಮ್ಮ. ಅವನು ಕೆಲಸದ ಮೇಲೆ ಇಲ್ಲಿಗೆ ಬಂದು ಎರಡು ವರ್ಷವಾಯಿತು. 'ನಮ್ಮೋರು' ಅಂತ ಅವನು ಎಷ್ಟು ಸಲೀಸಾಗಿ ಅಂದ ಅಂದರೆ, ನಾನು ದಾರಿಯುದ್ದಕ್ಕೂ ಆ ಮಾತನ್ನೇ ಯೋಚಿಸುತ್ತಾ ಕೂತೆ.

1860ರ ನವೆಂಬರ್ 16ರಂದು ಮದ್ರಾಸಿನಿಂದ ಬಂದ ಟ್ರೂರೊ ಎಂಬ ಹಡಗು ಇಲ್ಲಿನ ಬಂದರಿನಲ್ಲಿ 342 ಜನರನ್ನು ಇಳಿಸಿತು. ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ ಹತ್ತು ಶಿಲ್ಲಿಂಗ್ ಕೂಲಿ. 1911ರವರೆಗೆ ಹೀಗೆ ಬಂದವರು 1,52,184 ಮಂದಿ. ಅವರಲ್ಲಿ ಜಾಸ್ತಿ ಜನ ಮದ್ರಾಸಿನಲ್ಲಿ ಹಡಗು ಹತ್ತಿದ ತಮಿಳರು, ತೆಲುಗರು. ಉಳಿದವರು ಕಲ್ಕತ್ತೆಯಿಂದ ಬಂದ ಭೋಜಪುರಿ ಕಡೆಯವರು. ಹಿಂದೆಯೇ ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆದುಕೊಂಡು ಗುಜರಾತಿ ವ್ಯಾಪಾರಿಗಳೂ ಬಂದರು.

ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ಚಿತ್ತೂರು ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆಯ ನೆಂಟರು ಬಂದರೆ ತಮಿಳು. ಹಾಗಾಗಿ ತಮ್ಮ ಫೋನಿನಲ್ಲಿ, "ಇಲ್ಲಿ ಗಂಗಮ್ಮನಿಗೆ ಅಂಬಲಿ ಕಾಯಿಸ್ತಾರೆ ಅಕ್ಕ, ತಾಲಾಟ್ಟು ಅಂತ ತಮಿಳು ಲಾಲಿ ಹಾಡ್ತಾರೆ, ಒಂದ್ಸಲ ಬಂದು ನೋಡು" ಅಂದಾಗ ಮನಸ್ಸು ತಡೆಯಲಿಲ್ಲ. ಬೇಸಿಗೆ ರಜೆಯ ಖರ್ಚನ್ನು ಉಳಿಸಿಕೊಂಡು ಹೊರಟೇಬಿಟ್ಟೆ.

ಅವನು ಬಾಡಿಗೆಗೆ ಇರೋದು ಡರ್ಬನ್ ಹೊರವಲಯದ ಚಾಟ್ಸ್‌ವರ್ತ್‌ನಲ್ಲಿ, ನಿವೃತ್ತ ಟೀಚರ್ ಒಬ್ಬರ ಮನೆಯ ಹಿಂದಿನ ಕೋಣೆಯಲ್ಲಿ. ಎಲ್ಲರೂ ಅವರನ್ನು ಆಂಟಿ ಅಂತಾರೆ, ನಾನೂ ಹಾಗೇ ಕರೆದೆ. ಅವರ ಮುತ್ತಜ್ಜಿ ಚಿತ್ತೂರು ಕಡೆಯಿಂದ ಬಂದವರಂತೆ. ಬಾಗಿಲಲ್ಲೇ ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮೂರಿಂದ ಚಿತ್ತೂರು ಎಷ್ಟು ದೂರ, ಮಗಳೇ?" ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ ಅಂದೆ. ಅವರ ಕಣ್ಣು ತುಂಬಿಬಂತು. ಅವರು ಭಾರತವನ್ನು ನೋಡಿಯೇ ಇಲ್ಲ.

ಬುಧವಾರ

ಆಂಟಿಯ ಸೋದರಮಾವ ನನ್ನನ್ನು ಗ್ರೇ ಸ್ಟ್ರೀಟಿಗೆ ಕರೆದುಕೊಂಡು ಹೋದರು. ಎಂಬತ್ತಾರು ವರ್ಷ. ಇಸ್ತ್ರಿ ಮಾಡಿದ ಕೋಟು, ತಲೆಗೆ ಟೋಪಿ. ಮನೆಯಲ್ಲಿ ಮಕ್ಕಳಿಂದ ಮೊಮ್ಮಕ್ಕಳವರೆಗೆ ಎಲ್ಲರಿಗೂ ಅವರು ಮಾಮಾ. ನನಗೂ ಮಾಮಾ ಆದರು.

ಈಗ ಆ ಬೀದಿಗೆ ಡಾ. ಯೂಸುಫ್ ದಾದೂ ಸ್ಟ್ರೀಟ್ ಅಂತ ಹೆಸರು. ವಿಕ್ಟೋರಿಯಾ ಸ್ಟ್ರೀಟ್ ಈಗ ಬರ್ಥಾ ಮ್ಖಿಜೆ ಸ್ಟ್ರೀಟ್. ಮಾಮಾ ಹಳೆಯ ಹೆಸರೇ ಹೇಳುತ್ತಾರೆ. 1881ರಲ್ಲಿ ಶುರುವಾದ ಜುಮಾ ಮಸೀದಿ, ಅದರ ಪಕ್ಕಕ್ಕೆ ಮದ್ರಸಾ ಆರ್ಕೇಡಿನ ಸಣ್ಣ ಸಣ್ಣ ಅಂಗಡಿಗಳು, ಆ ತುದಿಗೆ ಇಮ್ಯಾನ್ಯುಯಲ್ ಚರ್ಚು. ಮಾರುಕಟ್ಟೆಯಲ್ಲಿ ಮಸಾಲೆ ಪುಡಿಯನ್ನು ಗೋಪುರದ ಹಾಗೆ ಒಟ್ಟಿದ್ದರು. ಹಳೆಯ ಮಾರುಕಟ್ಟೆ 1973ರಲ್ಲಿ ಸುಟ್ಟುಹೋಯಿತು. ಈಗಿರೋದು 1990ರಲ್ಲಿ ತೆರೆದ ಕಟ್ಟಡ.

ಊರಿನ ಒಳ್ಳೆಯ ಹೋಟೆಲು, ಥಿಯೇಟರು, ಸಮುದ್ರದ ದಂಡೆ ಎಲ್ಲವೂ ಬಿಳಿಯರಿಗೆ ಮೀಸಲಾಗಿದ್ದ ಕಾಲದಲ್ಲಿ ಭಾರತೀಯರಿಗೆ ಇದ್ದದ್ದು ಈ ನಾಲ್ಕಾರು ಬೀದಿಗಳು. ಮದುವೆ ಬಟ್ಟೆ ಇಲ್ಲೇ, ಪತ್ರಿಕೆ ಇಲ್ಲೇ, ಸಭೆ ಇಲ್ಲೇ, ಬಯೋಸ್ಕೋಪೂ ಇಲ್ಲೇ. ಸಿನಿಮಾಗೆ ಮಾಮಾ ಇವತ್ತಿಗೂ ಬಯೋಸ್ಕೋಪ್ ಅಂತಾರೆ. ಅವಲಾನ್, ರಾಯಲ್, ರಾಜ್, ಶಾಜಹಾನ್, ನಾಜ್ ಅಂತ ಒಂದೊಂದೇ ಥಿಯೇಟರಿನ ಹೆಸರು ಹೇಳುತ್ತಾ ಹೋದರು. ಈಗ ಅಲ್ಲೆಲ್ಲ ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ.

"ಹಿಂದಿ ಸಿನಿಮಾ ಬಂದರೆ ಒಂದೇ ವಾರದಲ್ಲಿ ನಾಲ್ಕು ಸಲ ನೋಡ್ತಿದ್ದೆ. ಕಥೆಗಲ್ಲ," ಅಂದರು. ಮೊದಲ ಸಲ ಪಲ್ಲವಿ, ಎರಡನೇ ಸಲ ಚರಣ, ಮೂರನೇ ಸಲ ನಡುವಿನ ವಾದ್ಯಗಳು. ನಾಲ್ಕನೇ ಸಲ ಕಣ್ಣು ಮುಚ್ಚಿ ಎಲ್ಲವನ್ನೂ ಸರಿ ನೋಡಿಕೊಳ್ಳೋದು. ಶನಿವಾರದ ಮದುವೆಗೆ ಆ ಹಾಡು ಸಿದ್ಧವಾಗಿರಬೇಕಿತ್ತು. ಮಾಮಾ ಆರ್ಕೆಸ್ಟ್ರಾದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಜೊತೆಗೆ ವಯೊಲಿನ್, ಅಕಾರ್ಡಿಯನ್, ಮ್ಯಾಂಡೊಲಿನ್, ಧೋಲಕ್. ಅವರ ಮನೆಮಾತು ತೆಲುಗು. ಹಿಂದಿಯ ಒಂದು ಪದವೂ ಗೊತ್ತಿರಲಿಲ್ಲ. ಆದರೂ ಮುನ್ನೂರು ಹಿಂದಿ ಹಾಡು ಬೆರಳಲ್ಲಿದ್ದವಂತೆ.

ಇನ್ನೊಂದು ವಿಷಯ ನೆನಪಿಡಬೇಕು. ಇಲ್ಲಿನ ಭಾರತೀಯರ ಮೇಲೆ ಜಮೀನಿನ ಕಾನೂನು ಹೇರಿದ್ದಕ್ಕೆ 1946ರಲ್ಲಿ ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. ಅದು ಸರಿಯಾದ ಹೆಜ್ಜೆ, ನನಗೆ ಅನುಮಾನವಿಲ್ಲ. ಆದರೆ ಆ ಬಾಗಿಲು ಪೂರ್ತಿ ತೆರೆದದ್ದು 1993ರಲ್ಲಿ. ನಡುವಿನ ಇಷ್ಟು ವರ್ಷ ಇಲ್ಲಿದ್ದವರ ಪಾಲಿಗೆ ಭಾರತ ಅಂದರೆ ಪರದೆಯ ಮೇಲೆ ಕಂಡದ್ದು, ಕಿವಿಗೆ ಬಿದ್ದದ್ದು. ಅಷ್ಟೇ.

ವಿಕ್ಟೋರಿಯಾ ಸ್ಟ್ರೀಟಿನ ಒಂದು ಕಡೆ ಮಾಮಾ ನಿಂತುಬಿಟ್ಟರು. ಗುಡ್‌ವಿಲ್ ಲೌಂಜ್ ಇದ್ದ ಬೀದಿ. ಪಂಪಿ ನಾಯ್ಡು ಅನ್ನುವವರು ನಡೆಸುತ್ತಿದ್ದ ಊಟದ ಹೋಟೆಲು, ಜೊತೆಗೆ ಜಾಜ್ ಸಂಗೀತದ ಅಡ್ಡ. 1950ರ ದಶಕದಲ್ಲಿ ಜಾಜ್ ಕೇಳಬೇಕು ಅಂದರೆ ಭಾರತೀಯರು, ಆಫ್ರಿಕನ್ನರು ಇಲ್ಲಿಗೆ ಬರುತ್ತಿದ್ದರು. ಡರ್ಬನ್‌ನ ಗಾಯಕ ಸನ್ನಿ ಪಿಳ್ಳೈ ಹೆಸರನ್ನೂ ಮಾಮಾ ತೆಗೆದರು. ಆತ ಇಂಗ್ಲಿಷ್ ಹಾಡುಗಳಿಗೆ ಹೆಸರಾದವರು. ದಕ್ಷಿಣ ಆಫ್ರಿಕಾದ ಹೆಸರಾಂತ ಗಾಯಕಿ ಮಿರಿಯಂ ಮಕೇಬಾ ಅವರನ್ನು ಮದುವೆಯಾಗಿದ್ದರು, ಆ ಮದುವೆ ಹೆಚ್ಚು ದಿನ ಬಾಳಲಿಲ್ಲ.

"ನಾನು ಮನೆಗೆ ನಡ್ಕೊಂಡು ಹೋಗಬಹುದಿತ್ತು. ನನ್ನ ಪಕ್ಕ ಕೂತು ನುಡಿಸಿದ ಆಫ್ರಿಕನ್ ಹುಡುಗ ಜೇಬಲ್ಲಿ ಪಾಸ್, ಅಂದರೆ ಸರ್ಕಾರದ ಪರವಾನಗಿ, ಇಲ್ಲದೆ ಹೊರಗೆ ಬಂದರೆ ಪೊಲೀಸ್ ವ್ಯಾನ್ ಹತ್ತಬೇಕಿತ್ತು," ಅಂದರು ಮಾಮಾ. ಕೋಟಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಒಂದು ಹೋಟೆಲಿನಲ್ಲಿ ಬನ್ನಿ ಚೌ ತಿಂದೆವು. ಕಾಲು ಭಾಗ ಬ್ರೆಡ್ಡಿನ ಒಳಗನ್ನು ಬಗೆದು, ಬಿಸಿ ಬೀನ್ಸ್ ಸಾರು ತುಂಬಿ ಕೊಡುತ್ತಾರೆ. ಬಗೆದ ತುಂಡನ್ನು ಮೇಲೆ ಮುಚ್ಚಳದ ಹಾಗೆ ಇಡುತ್ತಾರೆ. ಮಾಮಾ ಕೈ ತೊಳೆದು ಬಂದು, ಮೇಜಿನ ಮೇಲೆ ಹತ್ತೂ ಬೆರಳಿಟ್ಟು, ಬಾಯಲ್ಲೇ ಒಂದು ಜಾಜ್ ತುಣುಕು ಹಾಡಿ ತೋರಿಸಿದರು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಗಂಟು ಬಿದ್ದ ಬೆರಳುಗಳು, ಆದರೂ ತಪ್ಪಿಲ್ಲದೆ ಏಳುತ್ತಿದ್ದವು, ಬೀಳುತ್ತಿದ್ದವು. ತುಣುಕಿನ ಕೊನೆಯ ಸ್ವರಕ್ಕೆ ಬಂದಾಗ ಎಡಗೈಯ ಉಂಗುರ ಬೆರಳು ಎರಡು ಸಲ ನಡುಗಿತು. ಸ್ವರ ಸಣ್ಣಗೆ ಬಳುಕಿ ನಿಂತಿತು. ಅದು ನಾದಸ್ವರದವರು ಹಾಕುವ ಬಳುಕು!

"ಇದನ್ನ ಯಾರು ಹೇಳಿಕೊಟ್ಟರು ಮಾಮಾ?"

"ಯಾರೂ ಇಲ್ಲ. ದೇವಸ್ಥಾನದಲ್ಲಿ ಕೇಳಿದ್ದು ಇಲ್ಲಿಗೆ ಬಂದುಬಿಡ್ತಿತ್ತು."

ಗುರುವಾರ

ಡರ್ಬಿ ಸ್ಟ್ರೀಟಿನ 1860 ಹೆರಿಟೇಜ್ ಸೆಂಟರಿಗೆ ಹೋದೆ. ಹಡಗಿನ ಪಟ್ಟಿಗಳಲ್ಲಿ ಒಬ್ಬೊಬ್ಬ ಕೂಲಿಗೂ ಒಂದು ನಂಬರು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಎತ್ತರ, ಮೈಮೇಲಿನ ಗುರುತು. 'ಎಡ ಮೊಣಕಾಲಿನ ಮೇಲೆ ಕಲೆ' ಅಂತ ದನದ ಸಂತೆಯಲ್ಲಿ ಬರೆದುಕೊಳ್ಳುವ ಹಾಗೆ ಬರೆದುಕೊಂಡಿದ್ದಾರೆ. ಉತ್ತರ ಆರ್ಕಾಟು, ಚಿತ್ತೂರು, ವಿಶಾಖಪಟ್ಟಣಗಳ ಜನ ತುಂಬಾ. ನಡುವೆ ಅಪರೂಪಕ್ಕೆ ಮೈಸೂರು ಸೀಮೆಯ ಹೆಸರೂ ಬರುತ್ತದೆ. ಯಾರಿಗೆ ಯಾವ ಹಾಡು ಬರುತ್ತಿತ್ತು ಅಂತ ಬರೆದುಕೊಳ್ಳಲು ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ನಮ್ಮ ಕಡೆಯ ಇನ್ನೊಂದು ಹೆಸರು ನೆನಪಾಯಿತು. ಭಾರತ ಸರ್ಕಾರದ ಪ್ರತಿನಿಧಿಯಾಗಿ 1938ರಿಂದ 1941ರವರೆಗೆ ಈ ದೇಶದಲ್ಲಿದ್ದವರು ಬೆನೆಗಲ್ ರಾಮರಾವ್. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು. ದಕ್ಷಿಣ ಕನ್ನಡದ ಮನೆತನದ ಮನುಷ್ಯ ಇಲ್ಲಿನ ಜನರ ಅಹವಾಲು ಕೇಳುತ್ತಾ ಓಡಾಡಿದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮಧ್ಯಾಹ್ನ ಆಂಟಿ ಬಂದು ಸೋಮ್‌ಟ್ಸೂ ರಸ್ತೆಗೆ ಕರೆದೊಯ್ದರು. ಆ ಕಡೆ ಮ್ಯಾಗಜಿನ್ ಬ್ಯಾರಕ್ಸ್ ಇತ್ತು. ನಗರಸಭೆಯ ಕಸ ಗುಡಿಸುವವರು, ಚರಂಡಿ ಕೆಲಸದವರು, ಬಹುಪಾಲು ತಮಿಳರು, ತೆಲುಗರು, ತಲೆಮಾರುಗಟ್ಟಲೆ ಬಾಳಿದ ವಠಾರ. ಇಕ್ಕಟ್ಟು ಕೋಣೆಗಳು, ಸಾಲಾಗಿ ಕಕ್ಕಸು. ಅಂಥ ಜಾಗದಲ್ಲೇ ರಾತ್ರಿಯಿಡೀ ತೆರುಕೂತ್ತು, ಅಂದರೆ ತಮಿಳರ ಬಯಲಾಟ, ನಡೆಯುತ್ತಿತ್ತು. ಇಲ್ಲಿನ ಜನ ಅದಕ್ಕೆ ಇಂಗ್ಲಿಷಿನಲ್ಲಿ ಸಿಕ್ಸ್ ಫುಟ್ ಡಾನ್ಸ್ ಅಂತಾರೆ. ಗಂಡಸರೇ ಹೆಣ್ಣು ವೇಷ ಹಾಕಿ, ಉಡುಕ್ಕೈ ಅನ್ನುವ ಕೈವಾದ್ಯದ ಬಡಿತಕ್ಕೆ ಕುಣಿದು, ಮಹಾಭಾರತದ ಕಥೆ ಆಡುತ್ತಿದ್ದರು. ನಮ್ಮ ಕೋಲಾರದ ಕಡೆಯ ಕೇಳಿಕೆ ಬಯಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಪೊರಕೆ ಹಿಡಿದವನು ರಾತ್ರಿ ದುರ್ಯೋಧನ ಆಗುತ್ತಿದ್ದ. 'ಕೂಲಿ' ಅಂತ ಕರೆಸಿಕೊಂಡು ಬಂದವನು ಕಿರೀಟ ಇಟ್ಟುಕೊಂಡು, ಸುತ್ತ ಕೂತ ತನ್ನ ಜನಕ್ಕೆ ಗಟ್ಟಿಯಾಗಿ ತನ್ನ ಹೆಸರು, ಕುಲ ಹೇಳಿಕೊಳ್ಳುತ್ತಿದ್ದ. ಆ ಒಂದು ರಾತ್ರಿ ಅವನಿಗೆ ಏನಾಗಿತ್ತು ಅಂತ ನಾನು ಊಹಿಸಬಲ್ಲೆ.

1960ರ ದಶಕದಲ್ಲಿ ಬ್ಯಾರಕ್ಸ್ ಖಾಲಿ ಮಾಡಿಸಿ ಎಲ್ಲರನ್ನೂ ಚಾಟ್ಸ್‌ವರ್ತ್‌ಗೆ ಸಾಗಿಸಿದರು. ಆ ರಸ್ತೆಯಲ್ಲಿ ಈಗ ಮ್ಯಾಜಿಸ್ಟ್ರೇಟ್ ಕೋರ್ಟಿದೆ. ವಕೀಲರು ಫೈಲು ಹಿಡಿದು ಓಡಾಡುತ್ತಿದ್ದರು.

ವಾಪಸು ಬರುವಾಗ ಬ್ರೂಕ್ ಸ್ಟ್ರೀಟಿನ ಸ್ಮಶಾನದಲ್ಲಿರುವ ಬಾದಶಾ ಪೀರ್ ದರ್ಗಾ ನೋಡಿದೆವು. ಅವರೂ ಕೂಲಿಯಾಗಿಯೇ ಬಂದವರು ಅಂತ ಹೇಳುತ್ತಾರೆ. ಹಿಂದೆ ಕಬ್ಬಿನ ತೋಟದವರಿಗೆ ಮೊಹರಂ ಅಂದರೆ ವರ್ಷದ ದೊಡ್ಡ ರಜೆ. ಬಿಳಿಯರು ಅದನ್ನು 'ಕೂಲಿ ಕ್ರಿಸ್ಮಸ್' ಅಂತ ಕರೆದರು. ತಾಜಿಯಾ ಹಿಂದೆ ಡೋಲು ಬಡಿಯುತ್ತಾ ಹೋಗುತ್ತಿದ್ದವರಲ್ಲಿ ಹಿಂದೂಗಳೂ ಇರುತ್ತಿದ್ದರು. ನಮ್ಮ ಹಳ್ಳಿಗಳ ಬಾಬಯ್ಯನ ಹಬ್ಬದ ಹಾಗೇ, ಅಲ್ವಾ?

ಶುಕ್ರವಾರ

ಬೆಳಗ್ಗಿಂದ ಜಿಟಿಜಿಟಿ ಮಳೆ. ಕೇಟೊ ಮ್ಯಾನರ್‌ಗೆ ಹೋದೆವು. ಆಂಟಿ ಹುಟ್ಟಿದ ಜಾಗ. ಇಲ್ಲಿನ ಆಫ್ರಿಕನ್ನರ ಜುಲು ಭಾಷೆಯಲ್ಲಿ ಅದರ ಹೆಸರು ಮ್ಖುಂಬಾನೆ.

ಕರಾರು ಮುಗಿದ ಭಾರತೀಯರು ಇಲ್ಲಿ ನೆಲ ಕೊಂಡು ತರಕಾರಿ, ಬಾಳೆ ಬೆಳೆದರು. ಆಮೇಲೆ ಊರಿಗೆ ಕೆಲಸ ಹುಡುಕಿಕೊಂಡು ಬಂದ ಆಫ್ರಿಕನ್ನರು ಅದೇ ನೆಲದಲ್ಲಿ ಬಾಡಿಗೆಗೆ ಗುಡಿಸಲು ಹಾಕಿಕೊಂಡರು. ಎಲ್ಲ ಚೆನ್ನಾಗಿತ್ತು ಅಂತ ನಾನು ಬರೆಯುವುದಿಲ್ಲ. ಬಾಡಿಗೆ, ಅಂಗಡಿ, ಬಸ್ಸು ಭಾರತೀಯರ ಕೈಯಲ್ಲಿತ್ತು. 1949ರ ಜನವರಿಯಲ್ಲಿ ಡರ್ಬನ್‌ನಲ್ಲಿ ಆಫ್ರಿಕನ್ನರ ಮತ್ತು ಭಾರತೀಯರ ನಡುವೆ ಗಲಭೆ ಹೊತ್ತಿಕೊಂಡಿತು. 142 ಜನ ಸತ್ತರು. ಆಂಟಿಯ ಅಮ್ಮನನ್ನು, ಅವಳ ತಂಗಿಯರನ್ನು ಎರಡು ರಾತ್ರಿ ತನ್ನ ಗುಡಿಸಲಿನಲ್ಲಿ ಬಚ್ಚಿಟ್ಟವಳು ಪಕ್ಕದ ಜುಲು ಹೆಂಗಸು. ಎರಡೂ ನಿಜ. ಎರಡನ್ನೂ ಆಂಟಿ ಒಂದೇ ಉಸಿರಿನಲ್ಲಿ ಹೇಳಿದರು.

"ಅಮ್ಮ ನನ್ನನ್ನ ಮಲಗಿಸುವಾಗ ತಾಲಾಟ್ಟು ಹಾಡ್ತಿದ್ದಳು. ನಡುನಡುವೆ 'ತುಲಾ, ತುಲಾ' ಅಂತಿದ್ದಳು. ಅದೂ ತಮಿಳೇ ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ."

'ತುಲಾ' ಅಂದರೆ ಜುಲು ಭಾಷೆಯಲ್ಲಿ 'ಸುಮ್ಮನಿರು'. ಪಕ್ಕದ ಗುಡಿಸಲಿನಿಂದ ಕೇಳಿ ಕೇಳಿ ಅಮ್ಮನ ಬಾಯಿಗೆ ಬಂದ ಮಾತು.

1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಬಣ್ಣದವರು ಯಾವ ಬೀದಿಯಲ್ಲಿ ಬದುಕಬೇಕು ಅಂತ ನಿರ್ಧರಿಸಿತು. 1958ರಲ್ಲಿ ಕೇಟೊ ಮ್ಯಾನರ್ ಅನ್ನು ಬಿಳಿಯರ ಪ್ರದೇಶ ಅಂತ ಸಾರಿದರು. ಆಫ್ರಿಕನ್ನರನ್ನು ಕ್ವಾಮಾಶು, ಉಮ್ಲಾಜಿಗೆ ಅಟ್ಟಿದರು. ಭಾರತೀಯರನ್ನು ಚಾಟ್ಸ್‌ವರ್ತ್‌ಗೆ. ಆಂಟಿಗೆ ಆಗ ನಾಲ್ಕು ವರ್ಷ. ಲಾರಿಯ ಮೇಲೆ ಹಾಸಿಗೆ ಸುರುಳಿಯ ಮಧ್ಯೆ ಕೂತಿದ್ದು, ಮಡಿಲಲ್ಲಿ ಹಾರ್ಮೋನಿಯಂ ಇಟ್ಟಿದ್ದು ನೆನಪಿದೆಯಂತೆ. ಹೊಟ್ಟೆ ಉರಿಯುವ ಸಂಗತಿ ಅಂದರೆ, ಇಷ್ಟೆಲ್ಲ ಜನರನ್ನು ಕಿತ್ತು ಹಾಕಿದ ಮೇಲೆ ಆ ನೆಲದ ಬಹುಪಾಲು ದಶಕಗಳ ಕಾಲ ಪಾಳು ಬಿದ್ದಿತ್ತು.

ಬೆಲ್‌ಏರ್ ರಸ್ತೆಯ ಅಂಬಲವಾಣರ್ ದೇವಸ್ಥಾನ ಮಾತ್ರ ಉಳಿದಿದೆ. ಮೊದಲು ಉಂಬಿಲೊ ಹೊಳೆಯ ದಂಡೆಯಲ್ಲಿತ್ತು. 1905ರ ಪ್ರವಾಹ ಕೊಚ್ಚಿಕೊಂಡು ಹೋದ ಮೇಲೆ 1940ರ ದಶಕದಲ್ಲಿ ಇಲ್ಲಿ ಮತ್ತೆ ಕಟ್ಟಿದರು. ಜನರನ್ನು ಎಬ್ಬಿಸಿದ ಮೇಲೂ ಹಬ್ಬಕ್ಕೆ ಎಲ್ಲರೂ ಬಸ್ಸಿನಲ್ಲಿ ಇಲ್ಲಿಗೇ ಬರುತ್ತಿದ್ದರಂತೆ. ಮಳೆ ನಿಲ್ಲಲಿಲ್ಲ. ಮಂಟಪದ ಕಲ್ಲಿನ ಮೇಲೆ ಕೂತು ಫ್ಲಾಸ್ಕಿನ ಟೀ ಕುಡಿದು ಮನೆಗೆ ಬಂದೆವು.

ಶನಿವಾರ

ಎಲ್ಲೂ ಹೋಗಲಿಲ್ಲ. ನಾಳೆಯ ಪೂಜೆಗೆ ತಯಾರಿ. ಆಂಟಿಯ ಜೊತೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತೆ.

ಚಾಟ್ಸ್‌ವರ್ತ್ 1960ರ ದಶಕದಲ್ಲಿ ಕಟ್ಟಿದ ಊರು. ಬೀದಿಗಳಿಗೆ ಹೆಸರಿಗಿಂತ ಮೊದಲು ನಂಬರು. ಒಂದೇ ಗೋಡೆಗೆ ಅಂಟಿದ ಎರಡೆರಡು ಮನೆ. ಬಿಳಿಯರ ಬಡಾವಣೆಗಳಿಗೂ ಆಫ್ರಿಕನ್ನರ ಉಮ್ಲಾಜಿಗೂ ನಡುವೆ ಭಾರತೀಯರನ್ನು ಬೇಲಿಯ ಹಾಗೆ ತಂದು ನಿಲ್ಲಿಸಿದ್ದು. ಭೂಪಟ ನೋಡಿದರೆ ಸಾಕು, ಯಾರೂ ವಿವರಿಸಬೇಕಾಗಿಲ್ಲ.

"ಆ ಗೋಡೆಯಾಚೆ ಹಿಂದಿಯವರು. ಗುರುವಾರ ಗುರುವಾರ ಭಜನೆ. ನಾನು ಹಿಂದಿ ಭಜನೆ ಕಲಿತಿದ್ದು ಈ ಗೋಡೆಗೆ ಕಿವಿ ಇಟ್ಟು," ಅಂತ ಆಂಟಿ ಗೋಡೆ ತಟ್ಟಿದರು. ಎದುರು ಮನೆಯಲ್ಲಿ ಕವ್ವಾಲಿ. ಹಿಂದಿನ ಸಾಲಿನಲ್ಲಿ ಕ್ರೈಸ್ತರ ಗಿಟಾರು. ಸರ್ಕಾರಕ್ಕೆ ತಮಿಳು, ತೆಲುಗು, ಭೋಜಪುರಿ, ಉರ್ದು ಯಾವುದೂ ಲೆಕ್ಕಕ್ಕಿರಲಿಲ್ಲ, ಎಲ್ಲರೂ 'ಇಂಡಿಯನ್'. ಹಾಗೆ ಒಂದೇ ದೊಡ್ಡಿಗೆ ತುಂಬಿದ ಮೇಲೆ ಒಳಗೆ ಹಾಡುಗಳು ಕಲೆತುಹೋದವು. ತೆಲುಗು ಮದುವೆಯಲ್ಲಿ 'ಚಟ್ನಿ' ಅನ್ನುವ ಭೋಜಪುರಿ ಕುಣಿತದ ಹಾಡು, ತಮಿಳು ಮನೆಯಲ್ಲಿ ಹಿಂದಿ ಆರತಿ. ಈ ಕಲಬೆರಕೆಯನ್ನು ನಾನು ಪ್ರೀತಿಯಿಂದಲೇ ಕೇಳಿದೆ. ಆದರೆ ಗೋಡೆಯ ಆಚೆಗಿನ 'ತುಲಾ' ಮಾತ್ರ ಹೊಸದಾಗಿ ಯಾರ ಕಿವಿಗೂ ಬೀಳಲಿಲ್ಲ. ಆಂಟಿಯ ಮಕ್ಕಳಿಗೆ ಶಾಲೆಯಲ್ಲಿ ಜುಲು ಪಾಠವೇ ಇರಲಿಲ್ಲ.

ರೇಡಿಯೊ ವಿಷಯ ಬಂತು. ಭಾರತೀಯರಿಗೆಂದೇ ರೇಡಿಯೊ ಲೋಟಸ್ ಶುರುವಾದದ್ದು 1983ರಲ್ಲಿ. ಈಗಿನ ಲೋಟಸ್ ಎಫ್‌ಎಂ. "ಬೆಳಗ್ಗೆ ಅದು ಹಾಡಿದಾಗ ನಮ್ಮ ಅಮ್ಮ ರೇಡಿಯೊಗೆ ಅರಿಶಿನ ಕುಂಕುಮ ಇಟ್ಟಳು," ಅಂದರು ಆಂಟಿ. ಅದೇ ವರ್ಷವೇ ಸರ್ಕಾರ ಹೊಸ ಸಂವಿಧಾನ ತಂದಿತು. ಬಿಳಿಯರಿಗೆ ಒಂದು ಸದನ, ಮಿಶ್ರ ಜನಾಂಗದವರಿಗೆ ಒಂದು, ಭಾರತೀಯರಿಗೆ ಒಂದು. ಆಫ್ರಿಕನ್ನರಿಗೆ ಏನೂ ಇಲ್ಲ. 1984ರ ಚುನಾವಣೆಯನ್ನು ಭಾರತೀಯರಲ್ಲಿ ಬಹುಪಾಲು ಜನ ಬಹಿಷ್ಕರಿಸಿದರು.

ಆಂಟಿ ಓದಿದ್ದು ಡರ್ಬನ್ ವೆಸ್ಟ್‌ವಿಲ್ ವಿಶ್ವವಿದ್ಯಾಲಯದಲ್ಲಿ. ಅದೂ ಭಾರತೀಯರಿಗೆಂದೇ ಪ್ರತ್ಯೇಕವಾಗಿ ಮಾಡಿದ್ದು. ಹಗಲು ಅಲ್ಲಿ ಬಹಿಷ್ಕಾರದ ಸಭೆ, ಮುಷ್ಟಿ ಎತ್ತಿ ಜುಲು ಭಾಷೆಯ ಹೋರಾಟದ ಹಾಡುಗಳು. ಸಂಜೆ ಮನೆಗೆ ಬಂದರೆ ಲೋಟಸ್ ರೇಡಿಯೊದ ಭಜನೆ. "ನನ್ನ ಅಣ್ಣ ರೇಡಿಯೊ ಆರಿಸು ಅಂತಿದ್ದ. ನಮ್ಮನ್ನು ಬೇರೆ ಮಾಡೋಕೆ ಕೊಟ್ಟಿದ್ದು ಅಂತ. ಅಮ್ಮ ಹಾಕು ಅಂತಿದ್ದಳು. ಅವಳು ನಲವತ್ತು ವರ್ಷದಿಂದ ಕಾದಿದ್ದಳು."

ಯಾರು ಸರಿ? ನಾನು ಸೊಪ್ಪು ಬಿಡಿಸುತ್ತಾ ತುಂಬಾ ಹೊತ್ತು ಯೋಚಿಸಿದೆ. ನಾವು ಭಾರತದಲ್ಲಿ ಕೂತು 'ಆಹಾ, ಅಲ್ಲಿಯವರು ನಮ್ಮ ಸಂಸ್ಕೃತಿ ಉಳಿಸಿಕೊಂಡಿದ್ದಾರೆ' ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಬೇರೆ ಬೇರೆ ಇರಿ, ನಿಮ್ಮ ನಿಮ್ಮ ಹಾಡು ಹಾಡಿಕೊಂಡಿರಿ ಅಂತ ಸರ್ಕಾರವೂ ಅದನ್ನೇ ಬಯಸಿತ್ತು ಅನ್ನೋದನ್ನು ಮರೆಯುತ್ತೇವೆ. ಹಾಗಂತ ಅಮ್ಮನ ಕುಂಕುಮ ಸುಳ್ಳಾಗುತ್ತದಾ? ನನಗೆ ಅಣ್ಣನ ಸಿಟ್ಟೂ ಬೇಕು, ಅಮ್ಮನ ಕುಂಕುಮವೂ ಬೇಕು.

ಸಂಜೆ ಆಂಟಿ ಒಂದು ನೋಟ್‌ಬುಕ್ ತಂದರು. ಕಂದು ಕಾಗದದ ರಟ್ಟು, ಅಂಚಿನಲ್ಲಿ ಎಣ್ಣೆಯ ಕಲೆ. ಒಳಗೆ ಮಾರಿಯಮ್ಮನ ತಾಲಾಟ್ಟು. ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ! ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಪೆನ್ನಿನ ಗೆರೆ. ದೀರ್ಘ ಇದ್ದಲ್ಲಿ ಅಕ್ಷರದ ಮೇಲೆ ಉದ್ದ ಅಡ್ಡಗೀಟು. ಒಂದು ಪದದ ಬಾಲ ಮುಂದಿನ ಪದದ ತಲೆಗೆ ಅಂಟಿಕೊಂಡಿತ್ತು. ಕಿವಿಯಿಂದ ಬರೆದುಕೊಂಡದ್ದು ಅಂತ ನೋಡಿದರೆ ತಿಳಿಯುತ್ತಿತ್ತು. ಇಲ್ಲಿ ಮನೆಮಾತು ಇಂಗ್ಲಿಷ್ ಆಗಿ ಎರಡು ತಲೆಮಾರು ಕಳೆದಿದೆ. ತಮಿಳು ಐಸ್ಟೆಡ್‌ಫಡ್ ಅಂತ ಮಕ್ಕಳಿಗೆ ಹಾಡು, ಭಾಷಣದ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. 1931ರಲ್ಲಿ ಹುಟ್ಟಿದ ಆಂಧ್ರ ಮಹಾಸಭೆ ತೆಲುಗು ಪಾಠ ಹೇಳಿಸುತ್ತದೆ. ಆದರೂ ಮಾತು ಜಾರಿತು, ಹಾಡು ಉಳಿಯಿತು.

ಆಂಟಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದರ ಅರ್ಥ ಏನು ಹೇಳು."

ಓದಿದೆ. ಬೇವಿನ ಸೊಪ್ಪಿನಿಂದ ಗಾಳಿ ಬೀಸಿ ತಾಯಿಯನ್ನು ತಂಪು ಮಾಡುವ ಸಾಲು. ಹೇಳಿದೆ. ಆಂಟಿ ಎದ್ದು ಕಿಟಕಿ ತೆಗೆದು ಹಿತ್ತಲಿನ ಮರ ತೋರಿಸಿದರು. ಇಲ್ಲಿ ಅದನ್ನು ಸಿರಿಂಗಾ ಅಂತಾರೆ. ನಮ್ಮ ಹುಚ್ಚುಬೇವು. ಮನೆಯಲ್ಲಿ ಯಾರಿಗಾದರೂ ದಡಾರ ಎದ್ದರೆ ಅದರ ಸೊಪ್ಪನ್ನೇ ಹಾಸಿಗೆಯ ಮೇಲೆ ಹಾಸುತ್ತಾ ಬಂದಿದ್ದಾರೆ. ಅರ್ಥ ಗೊತ್ತಿಲ್ಲದೇ ಹಾಡುತ್ತಿದ್ದ ಸಾಲನ್ನು ಇವರು ಕೈಯಲ್ಲಿ ಮಾಡುತ್ತಲೇ ಇದ್ದರು.

ಭಾನುವಾರ

ತಮಿಳರ ಆಡಿ ತಿಂಗಳ ಭಾನುವಾರಗಳಲ್ಲಿ ಇಲ್ಲಿ ಎಲ್ಲಿ ನೋಡಿದರೂ 'ಪಾರಿಜ್ ಪ್ರೇಯರ್', ಅಂದರೆ ಅಂಬಲಿ ಪೂಜೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿತ್ತಲಿನಲ್ಲಿ ಸೌದೆ ಒಲೆ ಹೂಡಿದರು. ದೊಡ್ಡ ಹಂಡೆ. ರಾಗಿ ಸಿಗದ ಕಾಲದಲ್ಲಿ ಹಿರಿಯರು ಇಲ್ಲಿನ ಜೋಳದ ಹಿಟ್ಟಿಗೆ ಹೊಂದಿಕೊಂಡರು. ಮುಸುಕಿನ ಜೋಳ, ಇಲ್ಲಿನವರ ಮಾತಿನಲ್ಲಿ ಮೀಲಿ ಮೀಲ್. ಹಿಂದಿನ ದಿನವೇ ನೆನೆಸಿ ಹುಳಿ ಬರಿಸಿದ್ದರು. ಹಂಡೆಯ ಬಾಯಿಂದ ಹುಳಿ ವಾಸನೆಯ ಹಬೆ ಎದ್ದಾಗ ನನಗೆ ನಮ್ಮಜ್ಜಿಯ ಅಡುಗೆಮನೆ ಕಣ್ಣಮುಂದೆ ಬಂತು. ಅಲ್ಲಿ ರಾಗಿ, ಇಲ್ಲಿ ಜೋಳ. ಹುಳಿ ಒಂದೇ.

ದೇವಸ್ಥಾನದ ಅಂಗಳದಲ್ಲಿ ಹೆಂಗಸರು ಸಾಲಾಗಿ ಹಂಡೆ ಇಟ್ಟಿದ್ದರು. ಮಜ್ಜಿಗೆ, ಈರುಳ್ಳಿ, ಪಕ್ಕದಲ್ಲಿ ಸೊಪ್ಪಿನ ಪಲ್ಯ. ಮಾಮಾ ಉಡುಕ್ಕೈ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಸ್ಯಾಕ್ಸೊಫೋನ್ ಊದಲು ಈಗ ಉಸಿರು ಸಾಲದು. ಆಂಟಿ ನೋಟ್‌ಬುಕ್ ತೆಗೆದು ತಾಲಾಟ್ಟು ಎತ್ತಿದರು. ಸಿಡುಬು, ದಡಾರದ ಉರಿಯ ದೇವಿಯನ್ನು ಮಗುವಿನ ಹಾಗೆ ತೂಗಿ, ತಣ್ಣಗಾಗು ತಾಯಿ ಅಂತ ಬೇಡುವ ಲಾಲಿ. ಇಪ್ಪತ್ತು ಮೂವತ್ತು ಹೆಂಗಸರು ದನಿಗೂಡಿಸಿದರು. ಅರ್ಧದಷ್ಟು ಜನರ ಕೈಯಲ್ಲಿ ಅಂಥದೇ ನೋಟ್‌ಬುಕ್. ಅವರ ತಮಿಳಿನಲ್ಲಿ 'ಳ'ಕ್ಕೂ 'ಲ'ಕ್ಕೂ ವ್ಯತ್ಯಾಸ ಹೋಗಿದೆ. ಸಾಲಿನ ಕೊನೆಯನ್ನು ಇಂಗ್ಲಿಷ್ ಮಾತಿನ ಹಾಗೆ ಮೇಲೆತ್ತುತ್ತಾರೆ. ಮೊದಲ ಎರಡು ನಿಮಿಷ ನಾನು ಅದನ್ನು ಗಮನಿಸಿದೆ. ಆಮೇಲೆ ಗಮನಿಸಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಹನ್ನೊಂದರ ಹೊತ್ತಿಗೆ ಗೇಟಿನ ಹೊರಗೆ ಸಾಲು ಬೆಳೆಯಿತು. ಬೀದಿಯವರು, ದಾರಿಹೋಕರು, ಅಕ್ಕಪಕ್ಕದಲ್ಲಿ ಈಗ ಮನೆ ಮಾಡಿರುವ ಜುಲು ಕುಟುಂಬದವರು. ಬೆನ್ನಿಗೆ ಮಗು ಕಟ್ಟಿಕೊಂಡ ಒಬ್ಬ ಹೆಂಗಸು ಡಬ್ಬಿ ತುಂಬಿಸಿಕೊಂಡು, ಅಲ್ಲೇ ಒಂದು ಗುಟುಕು ಕುಡಿದು, "ಅಮಹೆವು!" ಅಂದಳು. ಜುಲು ಜನರೂ ಜೋಳದ ಹಿಟ್ಟನ್ನು ಹುಳಿ ಬರಿಸಿ ಕುಡಿಯುತ್ತಾರೆ, ಅದರ ಹೆಸರು ಅದು. ಈರುಳ್ಳಿ ಯಾಕೆ ಹಾಕಿದಿರಿ ಅಂತ ಆಂಟಿಯನ್ನು ಕೇಳಿದಳು. ಆಂಟಿ ಅರೆಬರೆ ಜುಲುವಿನಲ್ಲಿ ಉತ್ತರ ಕೊಟ್ಟರು. ಇಬ್ಬರೂ ನಕ್ಕರು.

ಸಂಜೆ ಹಂಡೆ ತೊಳೆದಿಟ್ಟು ಎಲ್ಲರೂ ಹಿತ್ತಲಲ್ಲಿ ಕೂತೆವು. ಆಂಟಿಯ ಹೆಗಲ ಮೇಲೆ ಎಂಟು ತಿಂಗಳ ಮೊಮ್ಮಗು, ನಿದ್ದೆಗೆ ಹಟ ಮಾಡುತ್ತಿತ್ತು. ಆಂಟಿ ನೋಟ್‌ಬುಕ್ಕಿನ ಕೊನೆಯ ಖಾಲಿ ಹಾಳೆ ತೆಗೆದು ನನ್ನ ಮುಂದಿಟ್ಟರು. "ನಿಮ್ಮಜ್ಜಿ ಅಂಬಲಿ ಇಡುವಾಗ ಏನು ಹಾಡ್ತಿದ್ದಳು? ಬರೆದುಕೊಡು."

ಅಜ್ಜಿಯದು ಎರಡೇ ಸಾಲು, ನಮ್ಮ ಗಡಿ ತೆಲುಗಿನದು. "ಗಂಗಮ್ಮ ತಲ್ಲಿ ರಾವಮ್ಮಾ, ಸಲ್ಲಂಗ ಮಮ್ಮಲ್ನಿ ಸೂಡಮ್ಮಾ." ತಾಯಿ ಗಂಗಮ್ಮ ಬಾ, ತಣ್ಣಗೆ ನಮ್ಮನ್ನು ನೋಡು. ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕೂತರೆ ಪೆನ್ನು ಓಡಲಿಲ್ಲ. ಯಾವ ಅಕ್ಷರ ಎಲ್ಲಿ ಎರಡು ಸಲ ಬರಬೇಕು? ಕೊನೆಗೆ ಆಂಟಿಯ ಹಾಗೇ ದೀರ್ಘದ ಮೇಲೆ ಅಡ್ಡಗೀಟು ಎಳೆದೆ, ಉಸಿರಿಗೆ ಕೆಂಪು ಗೆರೆ ಹಾಕಿದೆ. ಎರಡು ಸಲ ಹಾಡಿ ತೋರಿಸಿದೆ.

ಆಂಟಿ ಹಾಳೆ ನೋಡುತ್ತಾ, ಮಗುವಿನ ಬೆನ್ನು ತಟ್ಟುತ್ತಾ ಹಾಡತೊಡಗಿದರು. ಮಾಮಾ ಕೂತಲ್ಲೇ ತೊಡೆಯ ಮೇಲೆ ತಾಳ ಹಿಡಿದರು. ಮೂರನೇ ಸಲಕ್ಕೆ ರಾಗ ಸ್ವಲ್ಪ ಬೇರೆ ದಾರಿ ಹಿಡಿಯಿತು. ಐದನೇ ಸಲಕ್ಕೆ ಮಗು ತಲೆ ಒರಗಿಸಿತು. 'ಸೂಡಮ್ಮಾ' ಆದ ಮೇಲೆ ಆಂಟಿ ತಮಗೇ ಗೊತ್ತಿಲ್ಲದ ಹಾಗೆ ಮೆಲ್ಲಗೆ ಸೇರಿಸಿದರು, "ತುಲಾ, ತುಲಾ."

ನಾನು ಪೆನ್ನು ತೆಗೆದುಕೊಂಡು, ಎರಡನೇ ಸಾಲಿನ ಪಕ್ಕದಲ್ಲಿ ಅದನ್ನೂ ಬರೆದೆ.